ಏಣಿಯನ್ನು ಅಟ್ಟದ ಮೇಲಿಡಬೇಡಿ

ನಮ್ಮ ಸಂಘದ ಪತ್ರಿಕೆಗೆ ಕತೆ-ಕವನಗಳ ಬರ ಎಂದೂ ಬಂದಿಲ್ಲ. “ಅರ್ಧಕ್ಕರ್ಧ ಜನ ಕಂಪ್ಯೂಟರ್ ಓದುವವರೇ ಇದ್ದೀರಿ, ಒಂದಾದರೂ ವಿಜ್ಞಾನದ ಲೇಖನ ಕೊಡಬಾರದೇ?” ಎಂದು ಸಂಪಾದಕರು ಪ್ರತಿ ಸಂಚಿಕೆಗೂ ಗೊಣಗುತ್ತಾರೆ. ಆ ಗೊಣಗಾಟಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಕಾಮರ್ಸಿನ ಗೆಳೆಯರು ಪುಟ ತಿರುವಿ ಮುಂದಿನ ಕವನಕ್ಕೆ ಓಡುವ ಅವಸರ ಮಾಡಬೇಡಿ. ಇಲ್ಲಿರುವ ತರ್ಕ ಮನೆಯಲ್ಲಿ ಸಾಮಾನು ಜೋಡಿಸುವ ಯಾರಿಗಾದರೂ ಗೊತ್ತಿರುವಂಥದ್ದೇ.

ಆಪರೇಟಿಂಗ್ ಸಿಸ್ಟಂ ಪಾಠ ಇರುವವರಿಗೆ ಒಂದಲ್ಲ ಒಂದು ದಿನ ಲಿನಕ್ಸ್ ಕರ್ನೆಲ್ಲನ್ನು ತಾವೇ ಕಟ್ಟಿ ನೋಡುವ ಕೆಲಸ ಬಂದೇ ಬರುತ್ತದೆ. ‘ಮೇಕ್ ಮೆನುಕಾನ್ಫಿಗ್’ ಎಂದು ಆಜ್ಞೆ ಕೊಟ್ಟರೆ ಸಾಕು, ಪರದೆಯ ತುಂಬ ಪಟ್ಟಿಗಳು. ಈ ಡಿಸ್ಕ್ ಬೇಕೇ? ಆ ನೆಟ್‌ವರ್ಕ್ ಕಾರ್ಡ್ ಬೇಕೇ? ಇನ್ನೊಂದು ಫೈಲ್ ಸಿಸ್ಟಂ ಬೇಕೇ? ಹೀಗೆ ಸಾವಿರಾರು ಪ್ರಶ್ನೆ. ಹೆಚ್ಚಿನ ಡ್ರೈವರುಗಳಿಗೆ ಮೂರೇ ಉತ್ತರ. ‘ವೈ’ ಎಂದರೆ ಕರ್ನೆಲ್ಲಿನ ಒಳಗೇ ಬೆಸೆದುಬಿಡು. ‘ಎಂ’ ಎಂದರೆ ಮಾಡ್ಯೂಲ್ ಎಂಬ ಬೇರೆ ಕಡತವಾಗಿ ಪಕ್ಕದಲ್ಲಿಡು, ಬೇಕಾದಾಗ ತರಿಸಿಕೊಳ್ಳೋಣ. ‘ಎನ್’ ಎಂದರೆ ಬೇಡವೇ ಬೇಡ.

ಎನ್ ಸುಲಭ, ನಮ್ಮ ಹತ್ತಿರ ಇಲ್ಲದ ಯಂತ್ರದ ಡ್ರೈವರ್ ನಮಗೇಕೆ? ಕಷ್ಟ ಇರುವುದು ವೈ ಮತ್ತು ಎಂ ನಡುವೆ. ಹಾಸ್ಟೆಲ್ಲಿನಲ್ಲಿ ಹಿರಿಯರನ್ನು ಕೇಳಿದರೆ ಒಬ್ಬರು “ಎಲ್ಲಕ್ಕೂ ವೈ ಒತ್ತಪ್ಪಾ, ತಲೆನೋವೇ ಇಲ್ಲ” ಅನ್ನುತ್ತಾರೆ. ಇನ್ನೊಬ್ಬರು “ಎಲ್ಲಾ ಎಂ ಮಾಡು, ಕರ್ನೆಲ್ ಹಗುರಾಗತ್ತೆ” ಅನ್ನುತ್ತಾರೆ. ಎರಡೂ ಅರ್ಧ ಸತ್ಯ. ಅರ್ಧ ಸತ್ಯ ನಂಬಿ ಗಂಟೆಗಟ್ಟಲೆ ಕಂಪೈಲ್ ಮಾಡಿ, ಕೊನೆಗೆ ಕಪ್ಪು ಪರದೆಯ ಮುಂದೆ ಕೂತವರು ನಮ್ಮಲ್ಲಿ ಕಡಿಮೆಯಿಲ್ಲ. ಅದರಲ್ಲೂ ಕನ್ನಡ ಶಾಲೆಯಲ್ಲಿ ಓದಿ ಈ ಊರಿಗೆ ಬಂದವರು ಆ ಪರದೆ ಕಂಡ ಕೂಡಲೇ “ಇದು ನಮ್ಮಂಥವರಿಗೆ ಆಗೋದಲ್ಲ ಬಿಡು” ಎಂದು ಎದ್ದುಬಿಡುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ. ಒಂದು ಸಣ್ಣ ಕಾರಣ ಯಾರೂ ಬಿಡಿಸಿ ಹೇಳಿರುವುದಿಲ್ಲ, ಅಷ್ಟೆ.

ತಿರುಳು ಮತ್ತು ದುಭಾಷಿಗಳು

ಕರ್ನೆಲ್ ಎಂಬ ಮಾತಿಗೆ ಕಾಳಿನ ಒಳತಿರುಳು ಎಂದು ಅರ್ಥ. ಪ್ರೊಸೆಸರ್, ಮೆಮೊರಿ, ಡಿಸ್ಕುಗಳ ಮೇಲೆ ಪೂರ್ಣ ಅಧಿಕಾರ ಇರುವ ಭಾಗ ಅದು. ಆದರೆ ಪ್ರತಿಯೊಂದು ಯಂತ್ರಾಂಶದ ಭಾಷೆ ಬೇರೆ. ಒಂದು ಕಂಪನಿಯ ವೈಫೈ ಕಾರ್ಡಿನ ಮಾತು ಇನ್ನೊಂದರದಕ್ಕೆ ಹೊಂದುವುದಿಲ್ಲ. ಈ ಭಾಷೆಗಳನ್ನು ಬಲ್ಲ ದುಭಾಷಿಗಳೇ ಡ್ರೈವರುಗಳು. ಲಿನಕ್ಸಿನ ಮೂಲ ಬರಹದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ದುಭಾಷಿಗಳದ್ದೇ.

1991ರ ಆಗಸ್ಟಿನಲ್ಲಿ ಲಿನಸ್ ಟೋರ್ವಾಲ್ಡ್ಸ್ ತನ್ನ ಕರ್ನೆಲ್ಲಿನ ಸುದ್ದಿಯನ್ನು ಹೊರಗೆ ತಿಳಿಸಿದಾಗ ಆತ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ 21 ವರ್ಷದ ವಿದ್ಯಾರ್ಥಿ. ಅಂದರೆ ನಮ್ಮ ಓರಗೆಯವನೇ. ಆಗ ಎಲ್ಲ ಡ್ರೈವರುಗಳೂ ಕರ್ನೆಲ್ಲಿನ ಒಳಗೇ ಇದ್ದವು. 1992ರ ಜನವರಿಯಲ್ಲಿ ಮಿನಿಕ್ಸ್ ಬರೆದ ಪ್ರೊಫೆಸರ್ ಆಂಡ್ರೂ ಟಾನೆನ್‌ಬಾಮ್, ಹೀಗೆ ಎಲ್ಲವನ್ನೂ ಒಂದೇ ಮುದ್ದೆ ಮಾಡುವುದು ಹಳೆಯ ಕಾಲದ ಪದ್ಧತಿ, ತಿರುಳು ಪುಟ್ಟದಾಗಿರಬೇಕು, ಉಳಿದವು ಹೊರಗೆ ಬೇರೆ ಬೇರೆಯಾಗಿ ನಡೆಯಬೇಕು ಎಂದು ವಾದ ಹೂಡಿದರು. ಟೋರ್ವಾಲ್ಡ್ಸ್ ಜಗ್ಗಲಿಲ್ಲ. ಆದರೆ ಹೊಸ ಕಾರ್ಡ್ ಹಾಕಿದಾಗಲೆಲ್ಲ ಇಡೀ ಕರ್ನೆಲ್ ಮತ್ತೆ ಕಟ್ಟಬೇಕೆಂದರೆ ಯಾರಿಗೆ ಪುರುಸೊತ್ತು? 1995ರಲ್ಲಿ ಬಂದ 1.2 ಆವೃತ್ತಿಯ ಹೊತ್ತಿಗೆ, ನಡೆಯುತ್ತಿರುವ ಕರ್ನೆಲ್ಲಿಗೇ ಡ್ರೈವರನ್ನು ತಂದು ಸೇರಿಸುವ ಮಾಡ್ಯೂಲ್ ವ್ಯವಸ್ಥೆ ಬಂದಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಕಳೆಯಬೇಕು. ಮಾಡ್ಯೂಲ್ ಬೇರೆ ಕಡತದಲ್ಲಿರುತ್ತದೆ, ಆದ್ದರಿಂದ ಅದು ಕೆಟ್ಟರೆ ಕರ್ನೆಲ್ಲಿಗೆ ಏನೂ ಆಗುವುದಿಲ್ಲ ಎಂದು ಅನೇಕರು ಅಂದುಕೊಂಡಿದ್ದಾರೆ. ಹಾಗಲ್ಲ. ಒಮ್ಮೆ ಒಳಗೆ ಬಂದಮೇಲೆ ಮಾಡ್ಯೂಲಿಗೂ ಬೆಸೆದ ಡ್ರೈವರಿಗೂ ಅಧಿಕಾರ ಒಂದೇ. ತಡವಾಗಿ ಬಂದ ನೆಂಟನಾದರೂ ಅಡಿಗೆಮನೆಗೆ ಬೆಂಕಿ ಹಚ್ಚಿದರೆ ಸುಡುವುದು ಇಡೀ ಮನೆಯೇ. ಕೆಲಸದ ವೇಗದಲ್ಲೂ ಹೇಳಿಕೊಳ್ಳುವಂಥ ಅಂತರವಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ? ಯಾವಾಗ ಒಳಗೆ ಬರುತ್ತದೆ, ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ಎಲ್ಲ ಗುಟ್ಟೂ ಈ ಎರಡು ಪ್ರಶ್ನೆಗಳಲ್ಲಿದೆ.

ಒರಳು, ಅಟ್ಟ, ಏಣಿ

ಊರಿನ ಹಳೆಯ ಮನೆ ನೆನಪಿಸಿಕೊಳ್ಳಿ. ಅಡಿಗೆಮನೆಯಲ್ಲಿ ಒರಳುಕಲ್ಲನ್ನು ನೆಲದಲ್ಲೇ ಹೂತಿರುತ್ತಾರೆ. ದಿನಾ ಬೇಕು, ಎಲ್ಲಿಗೂ ಒಯ್ಯುವಂತಿಲ್ಲ, ತೆಗೆಯಬೇಕಾದರೆ ನೆಲ ಒಡೆಯಬೇಕು. ಇದು ವೈ. ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಹಂಡೆ, ಮದುವೆಯ ಕೊಪ್ಪರಿಗೆ, ಹೆಚ್ಚಿನ ಹಾಸಿಗೆ ಎಲ್ಲ ಅಟ್ಟದ ಮೇಲೆ. ಬೇಕಾದಾಗ ಇಳಿಸಿ, ಕೆಲಸ ಮುಗಿದ ಮೇಲೆ ಏರಿಸಿ. ಇದು ಎಂ. ಮುಂಬಯಿಯ ಹತ್ತು ಅಡಿ ಖೋಲಿಯಲ್ಲಿ ಬೆಳೆದವರಿಗೆ ಅಟ್ಟವಿಲ್ಲದಿದ್ದರೂ ಮಾಳಾ ಇದೆ. ಅದಿಲ್ಲದಿದ್ದರೆ ಸಂಸಾರ ನಡೆಯುವುದೇ ಇಲ್ಲ. ಲಿನಕ್ಸಿನ ಅಟ್ಟ ಇರುವುದು ಡಿಸ್ಕಿನ ಮೇಲೆ, ‘ಲಿಬ್’ ಡೈರೆಕ್ಟರಿಯ ಒಳಗಿನ ‘ಮಾಡ್ಯೂಲ್ಸ್’ನಲ್ಲಿ.

ಈಗ ಹೇಳಿ, ಏಣಿಯನ್ನು ಎಲ್ಲಿಡುತ್ತೀರಿ? ಏಣಿ ದಿನಾ ಬೇಕಾಗುವುದಿಲ್ಲ, ಜಾಗ ತಿನ್ನುತ್ತದೆ, ಆದ್ದರಿಂದ ಅದನ್ನೂ ಅಟ್ಟಕ್ಕೆ ಹಾಕೋಣ ಎಂದರೆ ಹೇಗಿರುತ್ತೆ? ಅಟ್ಟ ಹತ್ತಲು ಏಣಿ ಬೇಕು, ಏಣಿ ತರಲು ಅಟ್ಟ ಹತ್ತಬೇಕು. “ಎಲ್ಲಾ ಎಂ ಮಾಡು” ಅನ್ನುವವರು ಹೇಳಿಕೊಡುವುದು ಇದನ್ನೇ.

ಯಂತ್ರ ಹೇಗೆ ಏಳುತ್ತದೆ ಎಂದು ನೋಡಿದರೆ ಇದು ನಿಚ್ಚಳವಾಗುತ್ತದೆ. ಗುಂಡಿ ಒತ್ತಿದಾಗ ಮೊದಲು ಏಳುವುದು ಬೋರ್ಡಿನಲ್ಲೇ ಇರುವ ಫರ್ಮ್‌ವೇರ್. ಅದು ಗ್ರಬ್‌ನಂಥ ಬೂಟ್‌ಲೋಡರನ್ನು ಎಬ್ಬಿಸುತ್ತದೆ. ಗ್ರಬ್ ಕರ್ನೆಲ್ಲಿನ ಕಡತವನ್ನು ಮೆಮೊರಿಗೆ ತಂದು, “ಇನ್ನು ನೀನುಂಟು ನಿನ್ನ ಯಂತ್ರ ಉಂಟು” ಎಂದು ಕೈತೊಳೆದುಕೊಳ್ಳುತ್ತದೆ. ಕರ್ನೆಲ್ ತನ್ನೊಳಗೆ ಬೆಸೆದ ಡ್ರೈವರುಗಳನ್ನು ಎಬ್ಬಿಸಿ, ಆಮೇಲೆ ರೂಟ್ ಫೈಲ್ ಸಿಸ್ಟಂ ತೆರೆಯಲು ಹೊರಡುತ್ತದೆ. ಅಟ್ಟ ಇರುವುದು ಅದರೊಳಗೇ. ಡಿಸ್ಕಿನ ಡ್ರೈವರನ್ನು ನೀವು ಎಂ ಮಾಡಿದ್ದರೆ ಕರ್ನೆಲ್ಲಿಗೆ ಡಿಸ್ಕೇ ಕಾಣಿಸುವುದಿಲ್ಲ. ಅದನ್ನು ಕಾಣಿಸುವ ಡ್ರೈವರ್ ಆ ಡಿಸ್ಕಿನಲ್ಲೇ ಕೂತಿದೆ! ಆಗ ಬರುವ ಸಂದೇಶವೇ ‘ಕರ್ನೆಲ್ ಪ್ಯಾನಿಕ್’. ರೂಟ್ ಫೈಲ್ ಸಿಸ್ಟಂ ತೆರೆಯಲಾಗುತ್ತಿಲ್ಲ ಎಂಬ ಅದರ ಕೂಗು.

ಜಾಣರು ಇಲ್ಲಿ ಕೇಳುತ್ತಾರೆ: “ಗ್ರಬ್ ಅದೇ ಡಿಸ್ಕಿನಿಂದ ತಾನೇ ಕರ್ನೆಲ್ ಓದಿದ್ದು? ಅದಕ್ಕೆ ಸಾಧ್ಯವಾದದ್ದು ಕರ್ನೆಲ್ಲಿಗೆ ಯಾಕಿಲ್ಲ?” ಒಳ್ಳೆಯ ಪ್ರಶ್ನೆ. ಗ್ರಬ್ ಓದುವುದು ಫರ್ಮ್‌ವೇರಿನ ಸಹಾಯದಿಂದ ಮತ್ತು ತನ್ನದೇ ಸಣ್ಣ ಓದುಗಾರಿಕೆಯಿಂದ. ಕರ್ನೆಲ್ ಆ ಸಹಾಯವನ್ನು ನೆಚ್ಚಿಕೊಳ್ಳುವುದಿಲ್ಲ; ಡಿಸ್ಕಿನೊಡನೆ ತನ್ನ ಡ್ರೈವರಿನ ಮೂಲಕವೇ ಮಾತಾಡುತ್ತದೆ. ಸ್ಟೇಷನ್ನಿನಿಂದ ಮನೆ ಬಾಗಿಲತನಕ ಬಿಟ್ಟುಹೋದ ಟ್ಯಾಕ್ಸಿಯವನು ಬಾಗಿಲ ಬೀಗ ತೆಗೆಯಲು ಬರುವುದಿಲ್ಲ.

ಏಣಿಗೆ ಎಷ್ಟು ಮೆಟ್ಟಿಲು?

ಏಣಿಗೆ ಒಂದೇ ಮೆಟ್ಟಿಲಲ್ಲ. ಒಂದು ತಪ್ಪಿದರೂ ಮೇಲೆ ಹೋಗಲಾಗದು. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಎನ್‌ವಿಎಂಇ ಡಿಸ್ಕ್ ಇರುತ್ತದೆ. ಅದಕ್ಕೆ ಎನ್‌ವಿಎಂಇ ಡ್ರೈವರ್, ಮೇಲೆ ಎಕ್ಸ್‌ಟ್4 ಅಥವಾ ನೀವು ಬಳಸುವ ಬೇರೆ ಫೈಲ್ ಸಿಸ್ಟಂ. ಸಾಟಾ ಡಿಸ್ಕಾದರೆ ಎಎಚ್‌ಸಿಐ ಡ್ರೈವರ್ ಜೊತೆಗೆ ‘ಸ್ಕಸಿ ಡಿಸ್ಕ್’ ಎಂಬುದೂ ಬೇಕು. “ನನ್ನ ಹತ್ತಿರ ಸ್ಕಸಿ ಡಿಸ್ಕೇ ಇಲ್ಲ” ಎಂದು ಅದನ್ನು ತೆಗೆದುಹಾಕಿದವರ ಯಂತ್ರ ಏಳುವುದಿಲ್ಲ. ಸಾಟಾ ಡಿಸ್ಕುಗಳನ್ನು ಲಿನಕ್ಸ್ ಆ ದಾರಿಯಿಂದಲೇ ನೋಡುತ್ತದೆ. ಯುಎಸ್‌ಬಿ ಡಿಸ್ಕಿನಿಂದ ಏಳಿಸುವುದಾದರೆ ಯುಎಸ್‌ಬಿ ಕಂಟ್ರೋಲರ್, ಯುಎಸ್‌ಬಿ ಸ್ಟೋರೇಜ್, ಮತ್ತೆ ಅದೇ ಸ್ಕಸಿ ಡಿಸ್ಕ್. ವರ್ಚುವಲ್ ಮೆಷಿನ್ನಿನಲ್ಲಿ ಪ್ರಯೋಗ ಮಾಡುವವರಿಗೆ (ಮೊದಲ ಸಲ ಹಾಗೆ ಮಾಡುವುದೇ ಜಾಣತನ) ಸಾಮಾನ್ಯವಾಗಿ ವರ್ಟ್‌ಐಒ ಬ್ಲಾಕ್ ಮತ್ತು ವರ್ಟ್‌ಐಒ ಪಿಸಿಐ.

ಕೈಏಣಿ

ಇಷ್ಟು ಓದಿ ಕೆಲವರಿಗೆ ಅನುಮಾನ ಬಂದಿರಬಹುದು. ಡೆಬಿಯನ್, ಫೆಡೋರಾದಂಥ ಸಿದ್ಧ ವ್ಯವಸ್ಥೆಗಳಲ್ಲಿ ಡಿಸ್ಕಿನ ಎಷ್ಟೋ ಡ್ರೈವರುಗಳು ಎಂ ಆಗಿಯೇ ಇರುತ್ತವಲ್ಲ, ಅವು ಹೇಗೆ ಏಳುತ್ತವೆ?

ಅವರ ಕಷ್ಟವನ್ನೂ ಅರ್ಥಮಾಡಿಕೊಳ್ಳಬೇಕು. ಒಂದೇ ಕರ್ನೆಲ್ ಲಕ್ಷಗಟ್ಟಲೆ ಬೇರೆ ಬೇರೆ ಯಂತ್ರಗಳಲ್ಲಿ ಏಳಬೇಕು. ಯಾರ ಮನೆಯಲ್ಲಿ ಯಾವ ಡಿಸ್ಕ್ ಇದೆಯೋ ಗೊತ್ತಿಲ್ಲ. ಎಲ್ಲವನ್ನೂ ಬೆಸೆದರೆ ಕರ್ನೆಲ್ ಬಕಾಸುರನಾಗುತ್ತದೆ. ಅದಕ್ಕೆ ಅವರು ಕಂಡ ಉಪಾಯ ಇನಿಟ್‌ರಾಮ್‌ಎಫ್‌ಎಸ್. ಅಗತ್ಯವಾದ ಕೆಲವು ಮಾಡ್ಯೂಲುಗಳನ್ನೂ ಸಣ್ಣಪುಟ್ಟ ಉಪಕರಣಗಳನ್ನೂ ಒಂದು ಗಂಟು ಕಟ್ಟಿಡುತ್ತಾರೆ. ಗ್ರಬ್ ಕರ್ನೆಲ್ಲಿನ ಜೊತೆಗೇ ಈ ಗಂಟನ್ನೂ ಮೆಮೊರಿಗೆ ತಂದಿಡುತ್ತದೆ. ಕರ್ನೆಲ್ ಅದನ್ನು ಮೆಮೊರಿಯಲ್ಲೇ ಬಿಚ್ಚುವುದರಿಂದ ಡಿಸ್ಕಿನ ಹಂಗಿಲ್ಲ. ಅದರೊಳಗಿನ ಡ್ರೈವರಿನಿಂದ ನಿಜವಾದ ಡಿಸ್ಕ್ ತೆರೆದು, ಆಮೇಲೆ ಅಟ್ಟ ಹತ್ತುವುದು. ಗೋಡೆಗೆ ಒರಗಿಸಿಟ್ಟ ಕೈಏಣಿ ಎನ್ನಿ.

ಕೈಏಣಿಯಿದ್ದರೆ ಏಣಿಯನ್ನು ನೆಲಕ್ಕೆ ಬೆಸೆಯಬೇಕಾಗಿಲ್ಲ. ಆದರೆ ಅದಕ್ಕೂ ಒಂದು ನಿಯಮವಿದೆ: ಹೊಸ ಕರ್ನೆಲ್ಲಿಗೆ ಹೊಸ ಗಂಟು. ಡೆಬಿಯನ್ನಿನಲ್ಲಿ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್’, ಫೆಡೋರಾದಲ್ಲಿ ‘ಡ್ರಾಕಟ್’ ಈ ಕೆಲಸ ಮಾಡುತ್ತವೆ. ಗಂಟು ಬೇಡವೆನ್ನುವವರಿಗೆ ಎರಡು ಎಚ್ಚರಿಕೆ. ಗ್ರಬ್‌ನಲ್ಲಿ ರೂಟನ್ನು ‘ಯುಯುಐಡಿ’ ಎಂಬ ಫೈಲ್ ಸಿಸ್ಟಂ ಗುರುತಿನಿಂದ ಹೇಳಿದ್ದರೆ ಬರಿಯ ಕರ್ನೆಲ್ಲಿಗೆ ಅದು ಅರ್ಥವಾಗುವುದಿಲ್ಲ. ವಿಭಾಗದ ಗುರುತಾದ ‘ಪಾರ್ಟ್‌ಯುಯುಐಡಿ’ ಅರ್ಥವಾಗುತ್ತದೆ. ಇನ್ನು, ರೂಟ್ ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕಿದ್ದರೆ ಪಾಸ್‌ವರ್ಡ್ ಕೇಳಲು ಯಾರಾದರೂ ಬೇಕಲ್ಲ? ಆ ಕೆಲಸ ಗಂಟಿನೊಳಗಿನ ಉಪಕರಣದ್ದು. ಅಲ್ಲಿ ಎಲ್ಲಕ್ಕೂ ವೈ ಒತ್ತಿದರೂ ಗಂಟು ತಪ್ಪದು.

ಎಲ್ಲಕ್ಕೂ ವೈ ಯಾಕೆ ಬೇಡ?

ಈಗ ಮೊದಲನೆಯ ಹಿರಿಯರ ಮಾತಿಗೆ ಬರೋಣ. ಬೆಸೆದ ಡ್ರೈವರ್ ಬಳಸಿದರೂ ಬಳಸದಿದ್ದರೂ ಮೆಮೊರಿಯಲ್ಲಿ ಜಾಗ ಹಿಡಿದಿರುತ್ತದೆ. ಆದರೆ ಇಂದಿನ ಯಂತ್ರಗಳಲ್ಲಿ ಇದು ದೊಡ್ಡ ಮಾತಲ್ಲ. ನಿಜವಾದ ತೊಂದರೆ ಬೇರೆ.

ಮೊದಲನೆಯದು, ತೆಗೆಯಲಾಗದು. ವೈಫೈ ಮಂಕು ಹಿಡಿದು ಕೂತರೆ ಮಾಡ್ಯೂಲನ್ನು ‘ಮಾಡ್‌ಪ್ರೋಬ್’ನಿಂದ ತೆಗೆದು ಮತ್ತೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬೆಸೆದದ್ದಾದರೆ ಯಂತ್ರವನ್ನೇ ಮತ್ತೆ ಏಳಿಸಬೇಕು. ಪ್ರಾಜೆಕ್ಟಿಗೆಂದು ಡ್ರೈವರ್ ಬರೆಯುವವರಿಗಂತೂ ಮಾಡ್ಯೂಲೇ ಗತಿ. ಒಂದು ಸಾಲು ತಿದ್ದಿದ್ದಕ್ಕೆಲ್ಲ ಇಡೀ ಕರ್ನೆಲ್ ಬೆಸೆದು ಯಂತ್ರ ಏಳಿಸುತ್ತಾ ಕೂತರೆ ಸೆಮಿಸ್ಟರ್ ಮುಗಿದೇ ಹೋಗುತ್ತದೆ.

ಎರಡನೆಯದು ಹೆಚ್ಚು ಸೂಕ್ಷ್ಮ. ಅನೇಕ ವೈಫೈ ಮತ್ತು ಗ್ರಾಫಿಕ್ಸ್ ಕಾರ್ಡುಗಳಿಗೆ ಡ್ರೈವರ್ ಮಾತ್ರ ಸಾಲದು. ಕಾರ್ಡಿನೊಳಗೆ ತುಂಬಲು ತಯಾರಕರು ಕೊಟ್ಟ ಫರ್ಮ್‌ವೇರ್ ಕಡತವೂ ಬೇಕು. ಅದು ಇರುವುದು ಡಿಸ್ಕಿನಲ್ಲಿ. ಡ್ರೈವರನ್ನು ಬೆಸೆದರೆ ಡಿಸ್ಕ್ ತೆರೆಯುವ ಮೊದಲೇ ಅದು ಎದ್ದು “ನನ್ನ ಫರ್ಮ್‌ವೇರ್ ಎಲ್ಲಿ?” ಎಂದು ಹುಡುಕಿ, ಸಿಗದೆ ಕೈಚೆಲ್ಲಿ ಕೂರಬಹುದು. ಅಂಥದನ್ನು ಬೆಸೆಯಲೇಬೇಕಾದರೆ ಫರ್ಮ್‌ವೇರನ್ನೂ ಕರ್ನೆಲ್ಲಿಗೋ ಗಂಟಿಗೋ ಸೇರಿಸಬೇಕು. ಇಲ್ಲಾಂದ್ರೆ ಎಂ ಮಾಡುವುದೇ ನೆಮ್ಮದಿ; ಅಟ್ಟ ತೆರೆದ ಮೇಲೆ ಎರಡೂ ಒಟ್ಟಿಗೆ ಇಳಿಯುತ್ತವೆ. ‘ಒಳಗಿದ್ದರೆ ಭದ್ರ’ ಎಂಬ ಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ. ಬೇಗ ಬಂದವನಿಗೆ ಊಟ ಸಿಗದಿರುವುದೂ ಉಂಟು.

ಹಾಗೆಂದು ಎಲ್ಲ ಬೆಸೆಯುವುದು ಎಲ್ಲೂ ಸರಿಯಲ್ಲ ಎಂದಲ್ಲ. ಒಂದೇ ಕೆಲಸಕ್ಕೆ ಮಾಡಿದ, ಯಂತ್ರಾಂಶ ಎಂದೂ ಬದಲಾಗದ ಪೆಟ್ಟಿಗೆಗಳಿಗೆ ಅಟ್ಟವೇ ಬೇಡ. ಭದ್ರತೆ ಮುಖ್ಯವಾದ ಸರ್ವರುಗಳಲ್ಲಿ ಮಾಡ್ಯೂಲ್ ಸೌಲಭ್ಯವನ್ನೇ ತೆಗೆದುಹಾಕುವವರೂ ಇದ್ದಾರೆ. ಕಳ್ಳನೊಬ್ಬ ರೂಟ್ ಅಧಿಕಾರ ಹಿಡಿದರೂ ಹೊಸ ಮಾಡ್ಯೂಲನ್ನು ಕರ್ನೆಲ್ಲಿಗೆ ನುಗ್ಗಿಸಲಾರ. ನಡುದಾರಿಯೂ ಉಂಟು: ಬೇಕಾದ ಮಾಡ್ಯೂಲುಗಳೆಲ್ಲ ಬಂದಮೇಲೆ ‘ಮಾಡ್ಯೂಲ್ಸ್ ಡಿಸೇಬಲ್ಡ್’ ಎಂಬ ಕರ್ನೆಲ್ ಸ್ವಿಚ್ಚಿಗೆ 1 ಎಂದು ಬರೆದರೆ, ಯಂತ್ರ ಮತ್ತೆ ಏಳುವತನಕ ಅಟ್ಟದ ಬಾಗಿಲು ಮುಚ್ಚಿದಂತೆಯೇ.

ಎರಡು ಸಣ್ಣ ಕಟ್ಟಳೆಗಳು

ಬೆಸೆದದ್ದು ಮಾಡ್ಯೂಲನ್ನು ನೆಚ್ಚಿಕೊಳ್ಳುವಂತಿಲ್ಲ. ಯುಎಸ್‌ಬಿಯ ಮೂಲಭಾಗವನ್ನು ಎಂ ಮಾಡಿದರೆ ಯುಎಸ್‌ಬಿ ಸ್ಟೋರೇಜಿಗೆ ವೈ ಒತ್ತಲು ಆಗುವುದಿಲ್ಲ. ವೈ ಬೇಕೆಂದರೂ ಪರದೆ ಕೊಡುತ್ತಿಲ್ಲ ಎಂದರೆ ಯಂತ್ರ ಹಟ ಮಾಡುತ್ತಿದೆ ಎಂದಲ್ಲ. ಅದರ ಆಧಾರ ಎಂ ಆಗಿದೆ. ಮೊದಲು ಅದನ್ನು ವೈ ಮಾಡಬೇಕು. ಸಹಾಯದ ಗುಂಡಿ ಒತ್ತಿದರೆ ಯಾವುದು ಯಾವುದನ್ನು ನೆಚ್ಚಿದೆ ಎಂದು ಅಲ್ಲೇ ಬರೆದಿರುತ್ತದೆ.

ಇನ್ನೊಂದು, ಮಾಡ್ಯೂಲ್ ತಾನು ಹುಟ್ಟಿದ ಕರ್ನೆಲ್ಲಿಗೇ ಸೇರಿದ್ದು. ಪ್ರತಿ ಆವೃತ್ತಿಗೂ ಅಟ್ಟದಲ್ಲಿ ಬೇರೆ ಗೂಡು. ಕರ್ನೆಲ್ ಮಾತ್ರ ಸ್ಥಾಪಿಸಿ ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್’ ಮರೆತರೆ ಹೊಸ ಕರ್ನೆಲ್ಲಿಗೆ ಗೂಡು ಖಾಲಿ. ಯಂತ್ರ ಏಳುತ್ತದೆ, ಆದರೆ ವೈಫೈ ಇಲ್ಲ, ಸದ್ದಿಲ್ಲ. ಹಳೆಯ ಗೂಡಿನಿಂದ ಕದ್ದು ತಂದು ಹಾಕಲು ಹೋದರೆ ಸಾಮಾನ್ಯವಾಗಿ ಕರ್ನೆಲ್ ಒಪ್ಪುವುದಿಲ್ಲ.

ಕೆಲಸಕ್ಕೆ ಕೂರುವವರಿಗೆ

1. ಹಳೆಯ ಕರ್ನೆಲ್ಲನ್ನು ಅಳಿಸಬೇಡಿ. ಗ್ರಬ್ ಪಟ್ಟಿಯಲ್ಲಿ ಅದು ಇರಲಿ. ಹೊಸದು ಏಳದಿದ್ದರೆ ಹಳೆಯದನ್ನು ಆರಿಸಿ ಒಳಗೆ ಹೋಗಿ ತಿದ್ದಬಹುದು. ಹೀಗೆ ಮಾಡಿದವರಿಗೆ ಪ್ಯಾನಿಕ್ ಬಂದರೂ ಹೆದರಿಕೆಯಿಲ್ಲ.

2. ಸೊನ್ನೆಯಿಂದ ಶುರು ಮಾಡಬೇಡಿ. ‘ಬೂಟ್’ ಡೈರೆಕ್ಟರಿಯಲ್ಲಿ ಈಗಿನ ಕರ್ನೆಲ್ಲಿನ ಉತ್ತರಪತ್ರಿಕೆ ‘ಕಾನ್ಫಿಗ್’ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ನಕಲು ಮಾಡಿ. ಈ ಒಂದು ಕಡೆ ನಕಲಿಗೆ ಮಾಸ್ತರರ ಒಪ್ಪಿಗೆಯಿದೆ.

3. ನೀವು ಬಳಸುವ ಪ್ರಿಂಟರ್, ಪೆನ್‌ಡ್ರೈವ್, ಕ್ಯಾಮೆರಾ ಎಲ್ಲ ಜೋಡಿಸಿ, ಒಮ್ಮೆ ನಡೆಸಿ ನೋಡಿ, ಆಮೇಲೆ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಕೊಡಿ. ಈ ಹೊತ್ತಿನಲ್ಲಿ ಒಳಗೆ ಬಂದಿರುವ ಮಾಡ್ಯೂಲುಗಳನ್ನು ನೋಡಿ ಉಳಿದವನ್ನು ಅದು ಎನ್ ಮಾಡುತ್ತದೆ. ಕಂಪೈಲ್ ಸಮಯ ಬಹಳ ಉಳಿಯುತ್ತದೆ. ಆದರೆ ಜೋಡಿಸಲು ಮರೆತದ್ದು ಅದರ ಕಣ್ಣಿಗೆ ಬೀಳದು, ನೆನಪಿರಲಿ.

4. ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಹೆಸರಿಸಿ ಕಾಗದದ ಮೇಲೆ ಬರೆದುಕೊಂಡು ಎಲ್ಲಕ್ಕೂ ವೈ ಒತ್ತಿ. ಇಲ್ಲವೇ ಹೊಸ ಗಂಟು ಕಟ್ಟಲು ಮರೆಯಬೇಡಿ.

5. ಉಳಿದದ್ದಕ್ಕೆ ಎಂ.

ಇದು ಬರಿಯ ಪ್ರಯೋಗಶಾಲೆಯ ಆಟ ಎನ್ನಬೇಡಿ. ಆಂಡ್ರಾಯ್ಡ್ ಫೋನುಗಳಲ್ಲಿರುವುದೂ ಲಿನಕ್ಸ್ ಕರ್ನೆಲ್ಲೇ. ಬಹುಕಾಲ ಒಬ್ಬೊಬ್ಬ ತಯಾರಕನೂ ತನ್ನ ಡ್ರೈವರುಗಳನ್ನು ಸೇರಿಸಿ ತನ್ನದೇ ಕರ್ನೆಲ್ ಕಟ್ಟುತ್ತಿದ್ದುದರಿಂದ, ಒಂದು ಭದ್ರತಾ ತಿದ್ದುಪಡಿ ಎಲ್ಲ ಫೋನುಗಳಿಗೂ ತಲುಪುವುದು ದೊಡ್ಡ ಪಾಡಾಗಿತ್ತು. 2021ರ ಆಂಡ್ರಾಯ್ಡ್ 12ರೊಂದಿಗೆ, 5.10 ಕರ್ನೆಲ್ಲಿನಿಂದ ಮುಂದಿನ ಹೊಸ ಫೋನುಗಳಿಗೆ ಗೂಗಲ್ ಒಂದು ಸಮಾನ ತಿರುಳನ್ನು ಕಡ್ಡಾಯ ಮಾಡಿತು. ತಯಾರಕರ ಡ್ರೈವರುಗಳು ಮಾಡ್ಯೂಲುಗಳಾಗಿ ಹೊರಗೆ ಬಂದವು. ಹಾಸ್ಟೆಲ್ ಕೋಣೆಯಲ್ಲಿ ನಮ್ಮನ್ನು ಕಾಡುವ ಪ್ರಶ್ನೆಯೇ ಅಲ್ಲಿ ಕೋಟ್ಯಂತರ ಫೋನುಗಳ ಪ್ರಶ್ನೆಯಾಗಿತ್ತು.

ಆದ್ದರಿಂದ ಒಂದೊಂದು ಡ್ರೈವರಿನ ಮುಂದೆಯೂ ಕೇಳಬೇಕಾದದ್ದು ಇಷ್ಟೆ: ಅಟ್ಟ ಹತ್ತುವ ಮುಂಚೆ ಬೇಕೋ, ಹತ್ತಿದ ಮೇಲೆ ಬೇಕೋ? ಮುಂಚೆ ಬೇಕಾದರೆ ನೆಲದ ಮೇಲಿರಲಿ ಅಥವಾ ಗಂಟಿನಲ್ಲಿರಲಿ. ಆಮೇಲೆ ಸಾಕಾದರೆ ಅಟ್ಟದಲ್ಲಿರಲಿ. ಕಪ್ಪು ಪರದೆ ಬಂದರೆ ಎದ್ದು ಹೋಗಬೇಡಿ. ಯಾವ ಮೆಟ್ಟಿಲು ಕೆಳಗೆ ಉಳಿಯದೆ ಮೇಲೆ ಹೋಯಿತು ಎಂದು ಹುಡುಕಿ. ಸಂಶಯವಿದ್ದವರು ಸಂಘದ ಮುಂದಿನ ಸಭೆಗೆ ಬನ್ನಿ, ಕವನ ವಾಚನ ಮುಗಿದ ಮೇಲೆ ಒಂದು ಮೂಲೆಯಲ್ಲಿ ಕೂತು ಮೆಟ್ಟಿಲು ಎಣಿಸೋಣ.